ಬಿಸಿನೀರು ಕಾಣದ ಗೋಧಡಿ

ಅಮ್ಮ ತನ್ನ ಸೀರೆಗಳನ್ನು ತಾನೇ ಬಂದು ತೆಗೆದುಕೊಂಡು ಹೋದಳು ಎಂದು ನಮ್ಮವರು ಹೇಳುತ್ತಾರೆ. ಮುಂಬೈ ಹತ್ತಿರದ ಕಲ್ಯಾಣದಲ್ಲಿ ಸೋದರಮಾವನ ಹೋಟೆಲಿನ ಗಲ್ಲಾದ ಹಿಂದೆ ಕೂತು ಹೇಳುತ್ತಾರೆ, ಊರಿನಿಂದ ಯಾರಾದರೂ ಬಂದರೆ ಹೇಳುತ್ತಾರೆ, ಫೋನಿನಲ್ಲಿ ಉಡುಪಿಗೂ ಹೇಳಿಯಾಗಿದೆ. ಹೇಳುವಾಗ ಒಂದು ಮಾತು ಮಾತ್ರ ತಪ್ಪದೆ ಬರುತ್ತದೆ: ಕಪಾಟಿಗೆ ಬೀಗ ಇತ್ತು, ಯಾರೂ ಮುಟ್ಟಿರಲಿಲ್ಲ. ನನ್ನ ತಕರಾರು ಇರುವುದು ಅಲ್ಲೇ. ಬೀಗ ಇತ್ತು, ಸರಿ. ಯಾರೂ ಮುಟ್ಟಿರಲಿಲ್ಲ ಎಂದು ಕಂಡವರು ಯಾರು? ಆ ಬೀಗಕ್ಕೆ ಕೀಲಿಕೈ ಇರಲಿಲ್ಲವೆ?

ಠಾಣೆಯ ಕಾಲೇಜಿನಲ್ಲಿ ನಾನು ಚರ್ಚಾ ತಂಡದಲ್ಲಿದ್ದೆ. ಎದುರಾಳಿಯ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಲು ಬಂದರೆ ಮಾತ್ರ ಅದನ್ನು ಮುರಿಯಲು ಹೋಗು ಎಂದು ಅಲ್ಲಿ ಮೊದಲು ಕಲಿಸಿದ್ದರು. ಹಾಗಾಗಿ ಮನೆಯವರ ಕಥೆಯನ್ನು ಅವರ ಪರವಾಗಿ, ನನ್ನ ಕೈಲಾದಷ್ಟು ಬಲವಾಗಿ, ಮೊದಲು ನಾನೇ ಹೇಳಿಬಿಡುತ್ತೇನೆ.

ಕಾಯಿಲೆ ಹಿಡಿದ ವರ್ಷ ಅಮ್ಮ ಒಂದು ಗೋಧಡಿ ಹೊಲಿದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಕೈಹೊಲಿಗೆ ಹಾಕುವ ಹೊದಿಕೆ. ಉತ್ತರ ಕರ್ನಾಟಕದವರು ಕೌದಿ ಎನ್ನುತ್ತಾರಲ್ಲ, ಅದೇ. ನಮ್ಮ ಕರಾವಳಿಯ ಮನೆಯಲ್ಲಿ ಅದರ ವಾಡಿಕೆ ಇರಲಿಲ್ಲ. ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಮನೆಯ ಮರಾಠಿ ಹೆಂಗಸು, ನಾವು ಕಾಕು ಎನ್ನುವವಳು, ಅಮ್ಮನಿಗೆ ಕಲಿಸಿದ್ದು. ಅಮ್ಮ ಉಡುತ್ತಿದ್ದುದು ಹತ್ತಿ ಸೀರೆ ಮಾತ್ರ. ಗೋಧಡಿಯಲ್ಲಿದ್ದದ್ದೂ ಅವೇ, ಒಂದನ್ನು ಬಿಟ್ಟು. ಆ ಒಂದು ಅಜ್ಜಿ, ಎಂದರೆ ಅಮ್ಮನ ಅಮ್ಮ, ನನ್ನ ನಾಮಕರಣಕ್ಕೆ ತಂದುಕೊಟ್ಟ ನೇರಳೆ ಬಣ್ಣದ ನೈಲಾನ್ ಸೀರೆ. ಮುಂಬೈ ಕಡೆಯ ಸಣ್ಣ ಬಚ್ಚಲಲ್ಲಿ ಒಗೆಯಲು ಸುಲಭ ಎಂದು ಅಜ್ಜಿ ಯೋಚಿಸಿ ಆರಿಸಿದ್ದಳು. ಅಮ್ಮ ಅದನ್ನು ಒಂದೇ ಒಂದು ಸಲ ಉಟ್ಟು, ಮೈಗೆ ಆಗುವುದಿಲ್ಲ ಎಂದು ತೆಗೆದಿಟ್ಟಳು. ಅಜ್ಜಿ ಅದನ್ನು ಮರೆತಿರಲಿಲ್ಲ. ಗೋಧಡಿಯ ತಲೆಯ ಕಡೆ ಆ ಸೀರೆಯದೊಂದು ಚೌಕವನ್ನು ಅಮ್ಮ ಸೇರಿಸಿದಾಗ ಅಜ್ಜಿಗೆ ಸ್ವಲ್ಪ ಸಮಾಧಾನವಾಗಿದ್ದಿರಬೇಕು.

ಅಮ್ಮ ಹೋದಳು. ಗೋಧಡಿಯನ್ನು ಮಡಚಿ ಅಮ್ಮನ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ವರ್ಷಾಂತಿಕ ಹತ್ತಿರ ಬಂದಾಗ, ಅಮ್ಮನ ಒಂದು ಸೀರೆಯನ್ನು ಮುತ್ತೈದೆಗೆ ಕೊಡಬೇಕೆಂದು ಅಜ್ಜಿ ಕಲ್ಯಾಣದಿಂದ ಬಂದು ಕಪಾಟು ತೆಗೆಸಿದಳು. ಗೋಧಡಿಯನ್ನು ಹೊರಗೆಳೆದು ಬಿಡಿಸಿದಾಗ ತಲೆಯ ಕಡೆ ಬಟ್ಟೆಯೇ ಇರಲಿಲ್ಲ. ಹರಿದದ್ದಲ್ಲ, ಇಲಿ ಕಡಿದದ್ದೂ ಅಲ್ಲ. ಬಟ್ಟೆ ಹೋಗಿ ಹೊಲಿಗೆ ಉಳಿದಿತ್ತು. ಅಮ್ಮ ಹಾಕಿದ ದಾರದ ಸಾಲುಗಳು ಒಂದರ ಪಕ್ಕ ಒಂದು ಗಾಳಿಯಲ್ಲಿ ಜೋಲುತ್ತಿದ್ದವು. ಅವುಗಳ ನಡುವೆ, ಬಲೆಯಲ್ಲಿ ಸಿಕ್ಕಿಕೊಂಡ ಹಾಗೆ, ಅಜ್ಜಿಯ ನೇರಳೆ ಚೌಕ. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಕಪಾಟಿನ ತಳದಲ್ಲಿ ಬೂದಿಯಂತಹ ಪುಡಿ. ಕಪಾಟಿನ ಕಾಲಿನಿಂದ ಗೋಡೆಯವರೆಗೆ ಇರುವೆಗಳ ಸಾಲು. ಮತ್ತು ಮುಟ್ಟಿದರೆ ಆ ಜಾಗ ಒದ್ದೆಯಾಗಿ ತಣ್ಣಗಿತ್ತು. ಅಮ್ಮನಿಗೆ ತಲೆಸ್ನಾನ ಮಾಡಿ ಒದ್ದೆ ಕೂದಲಲ್ಲೇ ಮಧ್ಯಾಹ್ನ ಮಲಗುವ ಅಭ್ಯಾಸವಿತ್ತು. ಅಜ್ಜಿ ಬೈಯುತ್ತಿದ್ದಳು.

ಅಜ್ಜಿ ಅಂದು ಬೊಬ್ಬೆ ಹಾಕಲಿಲ್ಲ. ಆ ನೇರಳೆ ಚೌಕವನ್ನು ಎರಡು ಬೆರಳಲ್ಲಿ ಹಿಡಿದು, "ಎಲ್ಲ ತಕ್ಕೊಂಡು ಹೋಗಿದ್ದಾಳೆ. ನಂದು ಮಾತ್ರ ಬೇಡವಂತೆ," ಎಂದಳು.

ಇದು ಅವರ ಕಥೆ. ಬೂದಿ, ಇರುವೆ, ಒದ್ದೆ, ಉಳಿದ ದಾರ, ಬಿಟ್ಟುಹೋದ ಚೌಕ. ಐದಕ್ಕೂ ಒಂದೇ ಉತ್ತರ. ತೀರ್ಪುಗಾರಳಾಗಿದ್ದರೆ ನಾನೇ ಅಂಕ ಕೊಡುತ್ತಿದ್ದೆ.

ಅಂದಿನಿಂದ ಅಜ್ಜಿ ಸೊರಗತೊಡಗಿದಳು. ಊಟಕ್ಕೆ ಕೂತು ಎರಡು ತುತ್ತಿಗೆ ಏಳುತ್ತಾಳೆ ಎಂದು ಮಾವ ಫೋನಿನಲ್ಲಿ ಹೇಳುತ್ತಿದ್ದರು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಅಜ್ಜಿಗೆ ಮೊಣಕಾಲು ನೋವು, ಕಲ್ಯಾಣದಿಂದ ಬರಲು ಆಗಿರಲಿಲ್ಲ. ಬಂದಾಗ ಅಮ್ಮನಿಗೆ ಮಾತು ನಿಂತಿತ್ತು. ಅಜ್ಜಿಯ ತಲೆಯಲ್ಲಿ ಈ ಎರಡೂ ಕೂಡಿಕೊಂಡವು. ಮಗಳು ಕೋಪದಲ್ಲೇ ಹೋದಳು, ಈಗಲೂ ಕೋಪದಲ್ಲೇ ಇದ್ದಾಳೆ, ಚೌಕ ಅದಕ್ಕೆ ಸಾಕ್ಷಿ. ವರ್ಷಾಂತಿಕದ ದಿನ ಉಳಿದ ಗೋಧಡಿಯನ್ನು ಕಲ್ಯಾಣದ ಖಾಡಿಯ ಹಿನ್ನೀರಿನಲ್ಲಿ ಬಿಟ್ಟುಬಿಡುವುದು ಎಂದು ತೀರ್ಮಾನವಾಯಿತು. ಕೇಳಿದ ಅಪ್ಪ, "ಆಗಬಹುದು ಅತ್ತೆ," ಎಂದಷ್ಟೇ ಹೇಳಿದರು.

ನನಗೆ ಸಿಟ್ಟು ಬಂದದ್ದು ಆ "ಆಗಬಹುದು"ವಿಗೆ.

ಯಾಕೆಂದರೆ ಅಪ್ಪನಿಗೆ ಗೊತ್ತಿರಲೇಬೇಕಿತ್ತು. ಅಪ್ಪ ಉಲ್ಹಾಸನಗರದ ಒಂದು ಜೀನ್ಸ್ ತೊಳೆಯುವ ಘಟಕದಲ್ಲಿ ಪಾಳಿಯ ಮೇಲ್ವಿಚಾರಕರು. ನೆಂಟರೆಲ್ಲ ಹೋಟೆಲಿನವರು. ರಸಾಯನಶಾಸ್ತ್ರ ಓದಿದ ಭಾವ ದೋಸೆ ಕಾವಲಿಯಿಂದ ತಪ್ಪಿಸಿಕೊಂಡು ಊರವರ ಪ್ಯಾಂಟು ಒಗೆಯಲು ಹೋದರು ಎಂದು ಮಾವ ಇಂದಿಗೂ ಛೇಡಿಸುತ್ತಾರೆ. ಹೊಸ ಜೀನ್ಸಿಗೆ ಹಳೆಯದರ ಕಳೆ ಬರಿಸಲು ಅಲ್ಲಿ ದೊಡ್ಡ ಡ್ರಮ್ಮುಗಳಲ್ಲಿ ಬೆಚ್ಚಗಿನ ನೀರಿಗೆ ಒಂದು ದ್ರವ ಹಾಕುತ್ತಾರೆ. ಸೆಲ್ಯುಲೇಸ್ ಎಂಬ ಎಂಜೈಮು. ಹತ್ತಿ ಎಂದರೆ ಬಹುಪಾಲು ಸೆಲ್ಯುಲೋಸ್. ಎಂಜೈಮು ನೂಲಿನ ಮೇಲ್ಮೈಯನ್ನು ಕೆರೆಯುತ್ತದೆ, ನೀಲಿ ಬಿಡುತ್ತದೆ, ಬಟ್ಟೆ ಮೆತ್ತಗಾಗುತ್ತದೆ. ಬೇಕಾದಷ್ಟು ಆದಮೇಲೆ ಕುದಿಯುವುದಕ್ಕೆ ಹತ್ತಿರದ ಬಿಸಿನೀರು ಬಿಟ್ಟು ಎಂಜೈಮನ್ನು ಕೊಲ್ಲಬೇಕು. ಅಲ್ಲಿಯ ಮಾತೇ ಹಾಗೆ, ಎಂಜೈಮು ಮಾರ್ನಾ. ಕೊಲ್ಲದೆ ಡ್ರಮ್ಮು ತೆರೆದವರಿಗೆ ಅಪ್ಪನಿಂದ ಬೈಗುಳ ಖಚಿತ. ಅಂಥ ಪ್ಯಾಂಟು ಅಂಗಡಿಯಲ್ಲಿ ನೇತಾಡುತ್ತಲೇ ಬಡವಾಗುತ್ತದೆ.

ಅಮ್ಮನ ಚಿಕಿತ್ಸೆಯ ದಿನಗಳಲ್ಲಿ ಅವಳ ಚರ್ಮ ಸುಟ್ಟ ಹಾಗಾಗಿ ಯಾವ ಬಟ್ಟೆ ತಾಗಿದರೂ ಉರಿಯುತ್ತಿತ್ತು. ನಮ್ಮ ಬಡಾವಣೆಯ ನೀರಿನಲ್ಲಿ ಒಗೆದ ಹತ್ತಿ ಹಪ್ಪಳದ ಹಾಗೆ ಗಡುಸಾಗುತ್ತದೆ. ಆಗ ಅಪ್ಪ ಘಟಕದಿಂದ ಒಂದು ಬಾಟಲಿಯಲ್ಲಿ ಆ ದ್ರವ ತಂದು, ಗೋಧಡಿಯನ್ನು ಬಕೆಟ್ಟಿನಲ್ಲಿ ನೆನೆಸಿ, ಕೊನೆಗೆ ಗ್ಯಾಸಿನ ಮೇಲೆ ಕಾಯಿಸಿದ ನೀರು ಹೊಯ್ದು ಹಿಂಡುತ್ತಿದ್ದರು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾಯಿಸಿದ ನೀರಿನ ಪಾತ್ರೆ ಹಿಡಿದು, ದೂರ ಹೋಗು ಎಂದು ನನ್ನನ್ನು ಬಚ್ಚಲಿನಿಂದ ಓಡಿಸುತ್ತಿದ್ದುದೂ ನೆನಪಿದೆ. ಗೋಧಡಿ ಬೆಣ್ಣೆಯಂತಾಗುತ್ತಿತ್ತು. ಅಮ್ಮ ಅದನ್ನು ಮೂಗಿನವರೆಗೆ ಎಳೆದುಕೊಂಡು ಮಲಗುತ್ತಿದ್ದಳು.

ಆದ್ದರಿಂದ ನನ್ನ ವಾದ ಕಪಾಟು ತೆರೆದ ದಿನವೇ ಸಿದ್ಧವಿತ್ತು. ದಾರ ಉಳಿದದ್ದು ಯಾಕೆ? ಅದು ಅಪ್ಪ ಉಲ್ಹಾಸನಗರದಿಂದ ತಂದ ಜೀನ್ಸ್ ಹೊಲಿಯುವ ಪಾಲಿಯೆಸ್ಟರ್ ದಾರ. ಸೆಲ್ಯುಲೇಸಿಗೆ ಅದು ಊಟವಲ್ಲ. ನೇರಳೆ ಚೌಕ ಉಳಿದದ್ದು ಯಾಕೆ? ನೈಲಾನ್. ಅದೂ ಊಟವಲ್ಲ. ಬೂದಿ? ಎಂಜೈಮು ಹತ್ತಿಯನ್ನು ಪೂರ್ತಿ ತಿಂದು ಮುಗಿಸುವುದಿಲ್ಲ, ಅಲ್ಲಲ್ಲಿ ಕಡಿದು ಬಲ ತೆಗೆಯುತ್ತದೆ, ಉಳಿದದ್ದು ಪುಡಿಯಾಗಿ ಉದುರುತ್ತದೆ. ಇರುವೆ? ಸೆಲ್ಯುಲೋಸ್ ಎಂದರೆ ಸಕ್ಕರೆಯ ಅಣುಗಳು ಕೈಕೈ ಹಿಡಿದು ನಿಂತ ಉದ್ದನೆಯ ಸರಪಳಿ. ಕಡಿದರೆ ಸಕ್ಕರೆ. ತೀರಾ ಸ್ವಲ್ಪವೇ ಇರಬಹುದು, ಆದರೆ ಇರುವೆಗೆ ಎಷ್ಟು ಬೇಕು?

ವಾದ ಇದ್ದರೆ ಸಾಲದು, ಪುರಾವೆ ಬೇಕು. ನಾನು ನವಿ ಮುಂಬೈಯ ಒಂದು ಪ್ರಯೋಗಾಲಯದಲ್ಲಿ ಸಹಾಯಕಿ. ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಠಾಣೆಯಲ್ಲಿ ಇಳಿದು ವಾಶಿ ಗಾಡಿ ಹಿಡಿಯುತ್ತೇನೆ. ಅಲ್ಲಿ ನಮ್ಮ ಕೆಲಸ ಭತ್ತದ ಹುಲ್ಲಿನ ಸೆಲ್ಯುಲೋಸನ್ನು ಇದೇ ಜಾತಿಯ ಎಂಜೈಮುಗಳಿಂದ ಸಕ್ಕರೆ ಮಾಡುವುದು, ಮತ್ತು ಅದು ಯಾಕೆ ಇಷ್ಟು ನಿಧಾನ ಎಂದು ತಲೆ ಕೆಡಿಸಿಕೊಳ್ಳುವುದು. ವಿಧಿಯ ಆಟ ಎಂದು ಯಾರೂ ಹೇಳಬೇಡಿ. ಅಪ್ಪನ ಘಟಕದ ಕಥೆ ಕೇಳುತ್ತ ಬೆಳೆದವಳು ಅರ್ಜಿ ಹಾಕಿದ ಕೆಲಸ, ಅಷ್ಟೆ.

ಗೋಧಡಿಯ ತೂತಿನ ಅಂಚಿನಿಂದ ಒಂದು ಚೂರು, ಕಾಲಿನ ಕಡೆಯ ಗಟ್ಟಿ ಭಾಗದಿಂದ ಒಂದು ಚೂರು ಕತ್ತರಿಸಿ ಡಬ್ಬಿಯಲ್ಲಿ ಒಯ್ದೆ. ಅಂಚಿನ ಚೂರನ್ನು ನೀರಿನಲ್ಲಿ ನೆನೆಸಿ, ಆ ನೀರನ್ನು ಎರಡು ಪಾಲು ಮಾಡಿದೆ. ಒಂದನ್ನು ಕುದಿಸಿದೆ. ಇನ್ನೊಂದನ್ನು ಹಾಗೇ ಬಿಟ್ಟೆ. ಎರಡಕ್ಕೂ ಹೊಸ ಸೋಸುಕಾಗದದ ಚೂರು ಹಾಕಿ ಬೆಚ್ಚಗಿಟ್ಟೆ. ಕಾಗದವೂ ಸೆಲ್ಯುಲೋಸೇ. ಆಮೇಲೆ ಸಕ್ಕರೆ ಕಂಡರೆ ಇಟ್ಟಿಗೆ ಬಣ್ಣಕ್ಕೆ ತಿರುಗುವ ಹಳದಿ ದ್ರಾವಣ ಸೇರಿಸಿ ಕಾಯಿಸಿದೆ. ಕುದಿಸಿದ ನೀರಿದ್ದ ನಳಿಕೆ ಹಳದಿಯಾಗಿಯೇ ಉಳಿಯಿತು. ಇನ್ನೊಂದು ಕೆಂಪಗಾಯಿತು.

ಎಂದರೆ ಅಮ್ಮನ ಗೋಧಡಿಯಲ್ಲಿ ಎಂಜೈಮು ಸತ್ತಿರಲಿಲ್ಲ.

ಎಂಜೈಮಿಗೆ ಜೀವವಿಲ್ಲ. ಅದೊಂದು ಪ್ರೋಟೀನು, ಆಕಾರ ಕೆಟ್ಟರೆ ಕೆಲಸ ನಿಲ್ಲುತ್ತದೆ, ಅದನ್ನೇ ಸಾವು ಎನ್ನುತ್ತೇವೆ. ಇದೆಲ್ಲ ನನಗೆ ಗೊತ್ತು, ಯಾರಿಗೆ ಬೇಕಾದರೂ ವಾದಿಸಿ ಹೇಳಬಲ್ಲೆ. ಆದರೂ ಆ ಕೆಂಪು ನಳಿಕೆಯನ್ನು ಬೆಳಕಿಗೆ ಹಿಡಿದಾಗ ಬೆನ್ನಿನ ಮೇಲೆ ಯಾರೋ ತಣ್ಣನೆ ಬೆರಳಿಟ್ಟ ಹಾಗಾಯಿತು. ಕಾಲಿನ ಕಡೆಯ ಚೂರನ್ನೂ ಪರೀಕ್ಷಿಸಿದೆ. ಅದರಲ್ಲೂ ಎಂಜೈಮು ಇತ್ತು, ಅಷ್ಟೇ ಚುರುಕಾಗಿ. ಆದರೆ ಅಲ್ಲಿ ಬಟ್ಟೆ ಗಟ್ಟಿಯಾಗಿತ್ತು.

ಇಲ್ಲಿ ನನ್ನ ವಾದ ಕುಂಟಿತು. ಎಂಜೈಮು ಗೋಧಡಿಯ ತುಂಬ ಇದ್ದರೆ ತಲೆಯ ಕಡೆ ಮಾತ್ರ ತಿಂದದ್ದು ಯಾಕೆ?

ನಮ್ಮ ಲ್ಯಾಬಿನ ಹಿರಿಯ ಸಂಶೋಧಕಿ ಮೈಸೂರಿನವರು. ಇಡೀ ಕಟ್ಟಡದಲ್ಲಿ ನನ್ನ ಜೊತೆ ಕನ್ನಡದಲ್ಲಿ ಜಗಳವಾಡುವವರು ಅವರೊಬ್ಬರೇ. ಯಾರದ್ದೋ ಹಳೆಯ ಹೊದಿಕೆ ಎಂದು ಹೇಳಿ ಅವರನ್ನು ಕೇಳಿದೆ. ಅವರು ಮೊದಲು ನಕ್ಕರು. ಸೆಲ್ಯುಲೋಸ್ ಅಷ್ಟು ಸುಲಭಕ್ಕೆ ಬಗ್ಗುವುದಾಗಿದ್ದರೆ ನಾವು ಉಟ್ಟ ಬಟ್ಟೆ, ಓದುವ ಪುಸ್ತಕ, ಹೊರಗಿನ ಮರ ಯಾವುದೂ ಉಳಿಯುತ್ತಿರಲಿಲ್ಲ ಎಂದರು. ಸರಪಳಿಗಳು ಒಂದಕ್ಕೊಂದು ಎಷ್ಟು ಒತ್ತಾಗಿ ಹೊಂದಿಕೊಂಡಿವೆ ಎಂದರೆ ನೀರಿಗೂ ನಡುವೆ ಜಾಗವಿಲ್ಲ. ಸಡಿಲವಾಗಿರುವ ಕಡೆ ಎಂಜೈಮು ಬೇಗ ಕಡಿಯುತ್ತದೆ, ಒತ್ತಾಗಿರುವ ಕಡೆ ಬಂದರೆ ತೆವಳುತ್ತದೆ. ಅಲ್ಲಿ ಒಂದು ಸರಪಳಿಯ ತುದಿಯನ್ನು ಹುಡುಕಬೇಕು, ಅದನ್ನು ಗುಂಪಿನಿಂದ ಮೇಲಕ್ಕೆಳೆಯಬೇಕು, ತನ್ನ ಹೊಟ್ಟೆಯೊಳಗಿನ ಸುರಂಗದಲ್ಲಿ ಪೋಣಿಸಿಕೊಳ್ಳಬೇಕು, ಆಮೇಲೆ ಎರಡೆರಡು ಸಕ್ಕರೆ ಕತ್ತರಿಸುತ್ತ ಮುಂದೆ ಸಾಗಬೇಕು. ಹಿಂದೆ ಬರಲು ಅದಕ್ಕೆ ಬರುವುದಿಲ್ಲ. ಕತ್ತರಿಸಿದ ಸಕ್ಕರೆ ಸುತ್ತ ಹೆಚ್ಚಾದರೆ ಅದೇ ಬಂದು ಸುರಂಗದ ಬಾಯಲ್ಲಿ ಸಿಕ್ಕಿಕೊಂಡು ಇನ್ನಷ್ಟು ನಿಧಾನ.

ಇಷ್ಟರಲ್ಲಿ ಯಾವುದು ಅದರ ವೇಗಕ್ಕೆ ಕಡಿವಾಣ ಎಂಬುದೇ ನಮ್ಮಿಬ್ಬರ ಹಳೆಯ ಜಗಳ. ನನ್ನ ಪಕ್ಷ, ಹತ್ತುವುದು ಕಷ್ಟ. ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಬೆಳಿಗ್ಗೆ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಡಿ ವೇಗವಾಗಿಯೇ ಇದೆ, ಒಳಗೆ ಕಾಲಿಡುವುದರಲ್ಲಿ ಹೊತ್ತು ಹೋಗುತ್ತದೆ. ಮೇಡಂ ಅವರ ಪಕ್ಷ ಬೇರೆ. ದಾರಿಯಲ್ಲಿ ಒಂದು ಗಂಟು ಸಿಕ್ಕರೆ ಎಂಜೈಮು ಅಲ್ಲೇ ನಿಂತುಬಿಡುತ್ತದೆ, ಮುಂದೆ ಹೋಗಲಾರದು, ಸರಪಳಿ ಬಿಟ್ಟು ಇಳಿಯಲೂ ಆರದು, ಹಿಂದಿನವೆಲ್ಲ ಅದರ ಹಿಂದೆ ಸಾಲುಗಟ್ಟುತ್ತವೆ, ಕಲ್ಯಾಣದ ಹೊರಗೆ ಸಿಗ್ನಲ್ಲಿಗೆ ನಿಂತ ಲೋಕಲ್‌ಗಳ ಹಾಗೆ.

"ಕಚ್ಚೋದು ನಿಧಾನ ಅಲ್ಲ ಕಣೇ," ಎಂದರು ಮೇಡಂ. "ಬಿಡೋದು ನಿಧಾನ."

ನಾನು ಎಂದಿನಂತೆ ಒಪ್ಪಲಿಲ್ಲ. ಅದಿರಲಿ, ಒಣ ಬಟ್ಟೆಯಲ್ಲಿ ಏನಾಗುತ್ತದೆ ಹೇಳಿ ಎಂದೆ. ಒಣ ಬಟ್ಟೆಯಲ್ಲಿ ಏನೂ ಆಗುವುದಿಲ್ಲ ಎಂದರು. ಪ್ರತಿ ಕಡಿತಕ್ಕೂ ಒಂದು ನೀರಿನ ಅಣು ಬೇಕು. ನೀರಿಲ್ಲದೆ ಎಂಜೈಮು ಸುಮ್ಮನೆ ಕಾದು ಕೂರುತ್ತದೆ. ಕಪಾಟಿನಲ್ಲಿ ಮಡಚಿಟ್ಟ ಹೊದಿಕೆ ಹತ್ತು ಮಳೆಗಾಲ ಕಳೆದರೂ ಹೀಗೆ ತೂತಾಗುವುದಿಲ್ಲ. ಯಾರೋ ಅದನ್ನು ದಿನವೂ ಒದ್ದೆ ಮಾಡಿ, ಬೆಚ್ಚಗಿಟ್ಟಿರಬೇಕು, ಆ ಒಂದೇ ಜಾಗದಲ್ಲಿ. ಯಾರದ್ದು ಈ ಹೊದಿಕೆ ಎಂದು ಮತ್ತೆ ಕೇಳಿದರು. ಪಕ್ಕದ ಮನೆಯವರದ್ದು ಎಂದೆ.

ವಾಶಿ ಗಾಡಿಯ ಕಿಟಕಿಯಲ್ಲಿ ಕೂತು ಬರುವಾಗ ನನಗೆ ಭಯವಾಯಿತು. ನನ್ನ ಪುರಾವೆಯೇ ಅಜ್ಜಿಯ ಪರ ಸಾಕ್ಷಿ ಹೇಳುತ್ತಿತ್ತು. ದಿನವೂ ಒದ್ದೆ, ದಿನವೂ ಬೆಚ್ಚಗೆ, ತಲೆಯ ಕಡೆ ಮಾತ್ರ. ತಲೆಸ್ನಾನ ಮಾಡಿ ಬಂದು ಮಲಗಿದ ಹಾಗೆ. ಕಳೆದ ಮಳೆಗಾಲದಲ್ಲಿ ಅಪ್ಪನ ಕೋಣೆಗೆ ಹೋದಾಗಲೆಲ್ಲ ಕಪಾಟಿನ ಸುತ್ತ ಒಂದು ತೇವದ ವಾಸನೆ ಇದ್ದದ್ದು ನೆನಪಾಯಿತು. ಅದನ್ನು ಗೋಡೆಯ ಸೋರಿಕೆ ಎಂದು ಅಂದುಕೊಂಡಿದ್ದೆ. ಸೊಸೈಟಿಯ ಕಾರ್ಯದರ್ಶಿಗೆ ಎರಡು ಸಲ ದೂರನ್ನೂ ಕೊಟ್ಟಿದ್ದೆ. ಗೋಡೆ ಒಣಗಿದೆಯಲ್ಲಾ ಎಂದು ಆತ ಕೈಯಿಟ್ಟು ತೋರಿಸಿದ್ದ.

ಮೆಟ್ಟಿಲು ಹತ್ತುವಾಗ ಪಕ್ಕದ ಮನೆಯ ಕಾಕು ಬಾಗಿಲಲ್ಲೇ ಸೊಪ್ಪು ಬಿಡಿಸುತ್ತ ಕೂತಿದ್ದಳು. ಗೋಧಡಿಯನ್ನು ಖಾಡಿಗೆ ಹಾಕುತ್ತಾರಂತೆ, ಹೌದಾ ಎಂದು ಕೇಳಿದಳು. ಹೌದು ಎಂದೆ. ಕಾಕು ಬೇಸರಪಟ್ಟುಕೊಂಡಳು. ತಾನು ಕಲಿಸಿದ ಹೊಲಿಗೆ, ಒಂದು ಸಾಲೂ ಸೊಟ್ಟಗಿರಲಿಲ್ಲ, ನಿನ್ನ ಅಪ್ಪ ಪಾಪ ಅವಳು ಹೋದ ಮೇಲೂ ಎಷ್ಟು ಜೋಪಾನ ಮಾಡುತ್ತಿದ್ದರು, ಮಧ್ಯಾಹ್ನ ಹಿಂದಿನ ಗ್ಯಾಲರಿಯಲ್ಲಿ ಒಣಹಾಕಿ ನೀನು ಬರುವ ಮೊದಲೇ ಒಳಗೆ ಒಯ್ಯುತ್ತಿದ್ದರಲ್ಲ ಎಂದಳು. ಸೊಪ್ಪಿನಿಂದ ಕಣ್ಣೆತ್ತದೆ, ಹವಾಮಾನದ ಬಗ್ಗೆ ಹೇಳುವ ಹಾಗೆ, ಮರಾಠಿಯಲ್ಲಿ ಹೇಳಿ ಮುಗಿಸಿದಳು.

ನಾನು ಒಳಗೆ ಹೋಗಿ ಅಪ್ಪನ ಖಾಲಿ ಮಂಚದ ಮೇಲೆ ಕೂತೆ. ಅಪ್ಪನದು ಹೆಚ್ಚಾಗಿ ರಾತ್ರಿ ಪಾಳಿ. ಬೆಳಿಗ್ಗೆ ನಾನು ಲೋಕಲ್ ಹಿಡಿಯುವಾಗ ಅವರು ಬರುತ್ತಾರೆ, ನಾನು ಬರುವಾಗ ಅವರು ಹೊರಡಲು ಸಿದ್ಧರಾಗಿರುತ್ತಾರೆ, ಅಂದು ಆಗಲೇ ಹೋಗಿದ್ದರು. ಇಡೀ ಹಗಲು ಮನೆಯಲ್ಲಿ ಅವರೊಬ್ಬರೇ. ಕಪಾಟಿನ ಕೀಲಿಕೈ ಅವರ ದಿಂಬಿನ ಕೆಳಗೆ ಇರುವುದನ್ನು ಹಾಸಿಗೆ ಕೊಡವುವಾಗೆಲ್ಲ ನಾನು ನೋಡಿದ್ದೇನೆ, ಮತ್ತೆ ಅಲ್ಲೇ ಇಟ್ಟಿದ್ದೇನೆ. ಮುಖದವರೆಗೆ ಎಳೆದುಕೊಂಡ ಗೋಧಡಿಯೊಳಗೆ ಮಲಗಿದ ಮನುಷ್ಯನ ಉಸಿರು ಎಂದರೆ ಏನು? ಬಿಸಿ ಮತ್ತು ತೇವ. ಎಂಜೈಮಿಗೆ ಬೇಕಾದ ಎರಡೂ. ಬರೀ ಉಸಿರೇ ಎಂದು ನಾನು ಬರೆಯುತ್ತಿದ್ದೇನೆ. ಬೇರೆ ಏನಾದರೂ ಇತ್ತೇ ಎಂಬುದಕ್ಕೆ ನನ್ನ ಬಳಿ ಪುರಾವೆಯಿಲ್ಲ.

ಈಗ ವಾದ ಪೂರ್ತಿಯಾಗಿತ್ತು. ಒಂದೂ ಸಡಿಲ ಎಳೆಯಿಲ್ಲ. ಆದರೆ ಅದನ್ನು ಹೇಳಿದರೆ ಅಜ್ಜಿ ಬಿಡುಗಡೆಯಾಗುತ್ತಾಳೆ, ಅಪ್ಪ ಕಟಕಟೆಯಲ್ಲಿ ನಿಲ್ಲುತ್ತಾರೆ. ಹೇಳದಿದ್ದರೆ ಗೋಧಡಿ ಖಾಡಿಗೆ ಹೋಗುತ್ತದೆ, ಅಜ್ಜಿ ಇನ್ನೂ ಎರಡು ತುತ್ತಿಗೆ ಏಳುತ್ತಾಳೆ. ಚರ್ಚಾಸ್ಪರ್ಧೆಯಲ್ಲಿ ಯಾವ ಪಕ್ಷ ನಿನ್ನದು ಎಂದು ಚೀಟಿ ಎತ್ತಿ ಹೇಳುತ್ತಿದ್ದರು. ಎಷ್ಟು ಸುಖವಾಗಿತ್ತು ಅದು.

ವರ್ಷಾಂತಿಕದ ಹಿಂದಿನ ಮಧ್ಯಾಹ್ನ ನಾನು ಮತ್ತು ಅಪ್ಪ ಗೋಧಡಿಯನ್ನು ಚೀಲದಲ್ಲಿಟ್ಟುಕೊಂಡು ಕಲ್ಯಾಣಕ್ಕೆ ಹೋದೆವು. ಊಟದ ಗಿರಾಕಿಗಳು ಮುಗಿದು ಹೋಟೆಲು ಖಾಲಿಯಾಗಿತ್ತು. ಫ್ಯಾಮಿಲಿ ರೂಮಿನ ಉದ್ದ ಮೇಜಿನ ಒಂದು ಕಡೆ ಅಜ್ಜಿ, ಅವಳ ಮುಂದೆ ಮುಟ್ಟದ ಒಂದು ಇಡ್ಲಿ. ಮಾವ ನಾಳೆಯ ಭಟ್ಟರು, ಎಲೆ, ದೋಣಿಯವನು ಎಂದು ವ್ಯವಸ್ಥೆ ಹೇಳತೊಡಗಿದರು. ನಾನು ನಡುವೆ ಬಾಯಿ ಹಾಕಿದೆ.

"ಬಂತು ನೋಡಿ ವಕೀಲರ ಸವಾರಿ," ಎಂದರು ಮಾವ. "ಫೀಸು ಎಷ್ಟು ಮಾರಾಯ್ತಿ?"

ಒಂದು ಮಸಾಲೆ ದೋಸೆ ಎಂದೆ. ಮಾವ ನಕ್ಕರು. ನಾನು ಅಜ್ಜಿಗೆ ಹೇಳಿದೆ. ಮನೆಯಲ್ಲಿ ಅವರೆಲ್ಲ ತುಳು, ನಾನು ಮಾತಾಡುವಾಗ ಅರ್ಧ ಮರಾಠಿ ಬರುತ್ತದೆ ಎಂದು ಅಜ್ಜಿಗೆ ಸದಾ ಸಿಟ್ಟು. ಅಂದು ಬರೀ ಕನ್ನಡದಲ್ಲಿ ನಿಧಾನವಾಗಿ ಹೇಳಿದೆ. ಚೀಲದಿಂದ ಗೋಧಡಿ ತೆಗೆದು ಮೇಜಿನ ಮೇಲೆ ಹಾಸಿದೆ. ಒಂದು ಬಟ್ಟಲಲ್ಲಿ ಹತ್ತಿಯ ಎಳೆ, ಇನ್ನೊಂದರಲ್ಲಿ ನೈಲಾನಿನ ಎಳೆ ಹಾಕಿ, ಲ್ಯಾಬಿನಲ್ಲಿ ಎಂಜೈಮಿನ ಜೊತೆ ಬೆಚ್ಚಗಿಟ್ಟು ತಂದದ್ದನ್ನು ಅವಳ ಮುಂದಿಟ್ಟೆ. ಹತ್ತಿಯ ಎಳೆ ಬೆರಳಿಟ್ಟರೆ ಹಿಟ್ಟಿನ ಹಾಗೆ ಬಿಡಿಸಿಕೊಂಡಿತು. ನೈಲಾನನ್ನು ಅಜ್ಜಿ ಎರಡು ಕೈಯಲ್ಲಿ ಎಳೆದು ನೋಡಿದಳು, ಕಡಿಯಲಿಲ್ಲ. ಎಂಜೈಮಿಗೆ ನಿನ್ನ ಸೀರೆ ಬೇಡ ಎಂದಲ್ಲ ಅಜ್ಜಿ, ಅದಕ್ಕೆ ಅದು ಸೀರೆ ಎಂದೇ ಗೊತ್ತಾಗುವುದಿಲ್ಲ ಎಂದೆ. ಅಮ್ಮನ ಕೈದಾರವನ್ನು ಬಿಟ್ಟ ಹಾಗೆಯೇ ನಿನ್ನ ಚೌಕವನ್ನೂ ಬಿಟ್ಟಿದೆ. ಅಮ್ಮನಿಗೆ ನಿನ್ನ ಮೇಲೆ ಕೋಪವಿದ್ದರೆ ತಲೆಯ ಕಡೆಯೇ ಯಾಕೆ ಹೊಲಿದುಕೊಳ್ಳುತ್ತಿದ್ದಳು, ಕಾಲಿನ ಕಡೆ ಹಾಕಬಹುದಿತ್ತಲ್ಲ?

ಅಜ್ಜಿ ಚೌಕವನ್ನು ಬಹಳ ಹೊತ್ತು ಸವರಿದಳು. ಆಮೇಲೆ ಕೇಳಬೇಕಾದದ್ದನ್ನು ಕೇಳಿದಳು. ನನ್ನ ವಾದಶಕ್ತಿ ಯಾರಿಂದ ಬಂದದ್ದೆಂದು ಅಂದು ತಿಳಿಯಿತು.

"ಆ ಮದ್ದು ಅದಕ್ಕೆ ಯಾರು ಹಾಕಿದ್ದು? ಕಪಾಟಿಗೆ ಬೀಗ ಉಂಟಲ್ಲ."

ಗಲ್ಲಾದ ಕಡೆಯಿಂದ ಚಿಲ್ಲರೆ ಎಣಿಸುವ ಸದ್ದು ಬರುತ್ತಿತ್ತು. ಮಾವ ನನ್ನ ಮುಖ ನೋಡಿದರು, ನಾನು ಮೇಜು ನೋಡಿದೆ.

"ನಾನೇ ಅತ್ತೆ," ಎಂದರು ಅಪ್ಪ. "ಮೆತ್ತಗಾಗ್ಲಿ ಅಂತ. ಗಡುಸಾಗಿತ್ತು."

ಯಾರೂ ಬೈಯಲಿಲ್ಲ. ಮಾವ ಏನೋ ಹೇಳಲು ಹೊರಟು, ಕಾಫಿ ಬೇಕಾ ಭಾವ ಎಂದು ಕೇಳಿದರು. ಅಜ್ಜಿಯ ಮುಖದಲ್ಲಿ ಹಗುರವಾದ ಗುರುತು ಹುಡುಕುತ್ತ ಕೂತಿದ್ದೆ ನಾನು. ಸ್ವಲ್ಪ ಕಂಡಿತು ಕೂಡ. ಇಡ್ಲಿಯ ಅಂಚು ಮುರಿದು ಬಾಯಿಗಿಟ್ಟುಕೊಂಡಳು, ನುಂಗಿದಳು. ಆಮೇಲೆ ನನ್ನನ್ನಲ್ಲ, ಅಪ್ಪನನ್ನೂ ಅಲ್ಲ, ಗೋಧಡಿಯ ತೂತನ್ನು ನೋಡುತ್ತ ಹೇಳಿದಳು.

"ಹಾಗಾದ್ರೆ ಅವಳು ಬರ್ಲೇ ಇಲ್ಲವಾ?"

ಅಜ್ಜಿಯ ಕಥೆಯಲ್ಲಿ ಮಗಳು ಕೋಪದಿಂದಾದರೂ ಬಂದಿದ್ದಳು, ಕಪಾಟು ತೆರೆದಿದ್ದಳು, ಒದ್ದೆ ತಲೆಯಲ್ಲಿ ಮಲಗಿದ್ದಳು. ನಾನು ಕೋಪವನ್ನು ತೆಗೆಯಲು ಹೋಗಿ ಅವಳು ಬಂದದ್ದನ್ನೇ ತೆಗೆದಿದ್ದೆ. ಗೆದ್ದ ಮೇಲೆ ಎದುರಾಳಿಯ ಕೈ ಕುಲುಕುವುದು ಕ್ರಮ. ಅಜ್ಜಿಯ ಕೈ ಚೌಕದ ಮೇಲಿತ್ತು.

ಗೋಧಡಿಯನ್ನು ಖಾಡಿಗೆ ಬಿಡುವುದು ಬೇಡವೆಂದಾಯಿತು. ಅಜ್ಜಿಯೇ ಹೇಳಿದಳು. ಕತ್ತರಿ ತರಿಸಿ ಅಮ್ಮನ ದಾರದ ಸಮೇತ ತನ್ನ ನೇರಳೆ ಚೌಕವನ್ನು ಬಿಡಿಸಿಕೊಂಡು, ಉಳಿದದ್ದನ್ನು ಅಪ್ಪನ ಕಡೆಗೆ ಸರಿಸಿದಳು. ಅದನ್ನು ಇನ್ನು ಬಿಸಿನೀರಿಗೆ ಹಾಕಿಬಿಡಬೇಕು, ಇಲ್ಲದಿದ್ದರೆ ಪೂರ್ತಿ ಹೋಗುತ್ತದೆ ಎಂದು ನಾನು ಹೇಳಿದೆ. ಅಪ್ಪ ತಲೆಯಾಡಿಸಿದರು. ಚೀಲದಲ್ಲಿ ಮಡಚಿಡುವಾಗ ತೂತಿನ ಭಾಗವನ್ನು ಒಳಗೆ ಬರುವಂತೆ ಮಡಚಿದರು.

ಕಲ್ಯಾಣದಿಂದ ಸ್ಲೋ ಲೋಕಲ್ಲಿನಲ್ಲಿ ಕೂರಲು ಜಾಗ ಸಿಕ್ಕಿತು. ಗಾಡಿ ಸ್ಟೇಷನ್ನಿನಿಂದ ಸ್ವಲ್ಪ ದೂರ ಬಂದು ಸಿಗ್ನಲ್ಲಿಗೆ ನಿಂತಿತು. ಪಕ್ಕದ ಹಳಿಯಲ್ಲೂ ಒಂದು ನಿಂತಿತ್ತು. ಅಪ್ಪನ ತೊಡೆಯ ಮೇಲೆ ಚೀಲ, ಚೀಲದ ಮೇಲೆ ಕೈ. ಆ ಕೈಗಳನ್ನು ನಾನು ನೋಡುತ್ತಿದ್ದೆ. ದಿನವೂ ಡ್ರಮ್ಮುಗಳಿಗೆ ಬಿಸಿನೀರು ಬಿಡಿಸುವ ಕೈ. ಮರೆವು ಎಂದು ಯಾರಾದರೂ ಹೇಳಿದರೆ ನಾನು ಎರಡು ಮಾತಿನಲ್ಲಿ ಮುರಿಯಬಲ್ಲೆ, ಅಪ್ಪ ಮರೆಯುವ ಸಂಗತಿ ಅದಲ್ಲ. ಬಿಸಿನೀರಿಗೆ ಅಮ್ಮನ ವಾಸನೆ ಹೋಗುತ್ತದೆ ಎಂದು ಹಾಕಲಿಲ್ಲವೆ? ಆದರೆ ನೆನೆಸಿದಾಗಲೇ ವಾಸನೆ ಹೋಗಿರುತ್ತದಲ್ಲ. ಅಥವಾ ಅದು ಸ್ವಲ್ಪ ಸ್ವಲ್ಪವಾಗಿ, ತಮ್ಮ ಉಸಿರಿನಷ್ಟೇ ವೇಗದಲ್ಲಿ, ಇಲ್ಲದಂತಾಗಲಿ ಎಂದೆ? ಆ ಮೂರನೆಯದನ್ನು ಮುಂದೆ ಯೋಚಿಸಲು ನನಗೆ ಧೈರ್ಯವಾಗಲಿಲ್ಲ. ಬಟ್ಟೆಯಲ್ಲಿ ಎಂಜೈಮು ಇದೆ ಎಂದು ಹೇಳುವ ಪರೀಕ್ಷೆ ನಮ್ಮಲ್ಲಿದೆ. ಅದರಲ್ಲಿ ಯಾರ ಉಸಿರಿತ್ತು, ಒಬ್ಬರದ್ದೇ ಇತ್ತೇ ಎಂದು ಹೇಳುವ ಪರೀಕ್ಷೆ ಇಲ್ಲ. ಚೀಲದ ತಳಕ್ಕೆ ನನ್ನ ಮೊಣಕೈ ತಾಗಿತು. ತಣ್ಣಗಿತ್ತು.

ಗಾಡಿ ಇನ್ನೂ ಹೊರಟಿರಲಿಲ್ಲ. ಅಪ್ಪ ಕಿಟಕಿಯಾಚೆ ನಿಂತ ಗಾಡಿಯ ಕಡೆ ನೋಡುತ್ತಿದ್ದರು. ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಕೇಳಿದೆ.

"ಅಪ್ಪ, ಅಮ್ಮ ಇದ್ದಾಗ ಪ್ರತಿ ಸಲ ಕೊನೆಗೆ ಬಿಸಿನೀರು ಹಾಕ್ತಿದ್ರಲ್ಲ. ಆಮೇಲೆ ಯಾಕೆ ಹಾಕ್ಲಿಲ್ಲ?"